ಬಾಡಿಗೆ ಕಡ್ಡಿಶ್

ಕೋಲ್‌ಟನ್, ಪೆನ್ಸಿಲ್ವೇನಿಯಾ
8 ಡಿಸೆಂಬರ್ 1996

ಪ್ರೀತಿಯ ಲೇಬಲ್,

ಫೋನಿನಲ್ಲಿ ನಾವಿಬ್ಬರೂ ಮೂರನೆಯ ಮಾತಿಗೇ ಜಗಳಕ್ಕೆ ಬೀಳುತ್ತೇವೆ. ಕಾಗದದಲ್ಲಾದರೆ ನೀನು ನಡುವೆ ಬಾಯಿ ಹಾಕಲಾರೆ, ನಾನೂ ರಪ್ಪನೆ ಫೋನಿಟ್ಟುಬಿಡಲಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಅಪ್ಪನನ್ನು ಮಣ್ಣು ಮಾಡಿ ಎರಡೂವರೆ ವಾರವಾಯಿತು. ಏಳು ದಿನದ ಸೂತಕಕ್ಕೆ ನೀನು ಎರಡು ದಿನ ಕೂತು ನ್ಯೂಯಾರ್ಕಿಗೆ ಎದ್ದು ಹೋದೆ. ಅದಕ್ಕೆ ನಾನು ಏನೂ ಅನ್ನಲಿಲ್ಲ. ಆದರೆ ಗೋರಿಯ ಹತ್ತಿರ ಸೆಂಡರ್ ಮಾವ ನಿನ್ನ ಕೈಗೆ ಕಡ್ಡಿಶ್ ಪ್ರಾರ್ಥನೆಯ ಹಾಳೆ ಕೊಟ್ಟಾಗ ನೀನು ಅದನ್ನು ಮಡಚಿ ಅವರಿಗೇ ವಾಪಸು ಕೊಟ್ಟು, ಕೋಟಿನ ಜೇಬಿಗೆ ಕೈ ಹಾಕಿ ನಿಂತೆಯಲ್ಲ, ಅದನ್ನು ಮರೆಯಲು ನನ್ನಿಂದ ಆಗುತ್ತಿಲ್ಲ. ಊರವರೆಲ್ಲ ನೋಡಿದರು. ಹೆತ್ತ ತಂದೆಗೆ ಎರಡು ಮಾತು ಹೇಳಲು ಮಗನಿಗೆ ಬಾಯಿ ಬರಲಿಲ್ಲ, ಕಟುಕನಂಗಡಿ ಇಟ್ಟುಕೊಂಡಿದ್ದ ಸೆಂಡರ್ ಮಾವ ಹೇಳಿದರು, ಬಾಯಿಮಾತಿಗೆ ಮಾವ ಅಷ್ಟೇ, ಪರರು.

ತಂದೆ ತೀರಿದರೆ ಮಗ ಹನ್ನೊಂದು ತಿಂಗಳು ದಿನಾ ಬೆಳಿಗ್ಗೆ ಎದ್ದು ನಿಂತು ಕಡ್ಡಿಶ್ ಹೇಳಬೇಕು. ಹತ್ತು ಗಂಡಸರು ಸೇರದೆ ಅದನ್ನು ಹೇಳುವಂತಿಲ್ಲ. ಹನ್ನೆರಡನೆಯ ತಿಂಗಳು ಬೇಡ, ಸತ್ತ ಮೇಲೆ ಆತ್ಮ ಶುದ್ಧವಾಗಲು ಪೂರ್ತಿ ವರ್ಷ ಬೇಕಾಗುವುದು ದುಷ್ಟರಿಗೆ ಮಾತ್ರ. ಅಪ್ಪ ಸ್ಪ್ರಿಂಗ್ ಚುಚ್ಚುವ ಹಾಸಿಗೆಗಳನ್ನು ಮಾರಿದ್ದು ನಿಜ, ಆದರೆ ದುಷ್ಟನಲ್ಲ. ಇಲ್ಲಿ ನಮ್ಮ ಸಿನಗಾಗಿನಲ್ಲಿ ಬೆಳಿಗ್ಗೆ ಪ್ರಾರ್ಥನೆಗೆ ಒಂಬತ್ತೇ ಗಂಡಸರು ಸೇರುತ್ತಾರೆ. ದಿನಾ ಬಾ ಎನ್ನುತ್ತಿಲ್ಲ. ತಿಂಗಳಿಗೊಂದು ವಾರ ಬಾ. ಬಂದು ಅಪ್ಪನಿಗೆ ನೀನು ಹೇಳು. ನಾನು ಕೇಳುವುದು ಇಷ್ಟೇ.

ನಿನ್ನ ಅಕ್ಕ,
ಫ್ರೇಡಾ


ನ್ಯೂಯಾರ್ಕ್
6 ಜನವರಿ 1997

ಪ್ರೀತಿಯ ಅಕ್ಕ,

ನಿನ್ನ ಕಾಗದ ಬಂತು. ತಡವಾಯಿತು, ಬೈಯಬೇಡ. ವರ್ಷದ ಕೊನೆ ಎಂದರೆ ನಾನು ನಡೆಸುವ ಪ್ರತಿಷ್ಠಾನದಲ್ಲಿ ಉಸಿರಾಡಲು ಪುರಸೊತ್ತಿರುವುದಿಲ್ಲ. ಹಣ ಕೇಳಿದವರಿಗೆಲ್ಲ ಹೌದು ಎನ್ನಲಾಗದು, ಇಲ್ಲ ಎಂದರೆ ಮುಖ ಊದಿಸಿಕೊಳ್ಳುತ್ತಾರೆ. ಈ ವರ್ಷ ಹತ್ತಾರು ಊರುಗಳ ಯಹೂದಿ ಶಾಲೆಗಳಿಗೆ ನೆರವು ಕೊಟ್ಟಿದ್ದೇವೆ. ಕಾಲೇಜಿನ ಮಕ್ಕಳಿಗೆ ಶುಕ್ರವಾರ ರಾತ್ರಿಯ ಸಬ್ಬತ್ ಊಟ, ಬೇಸಗೆ ಶಿಬಿರ, ಹೀಬ್ರೂ ಕಲಿಸುವವರಿಗೆ ತರಬೇತಿ. ನಮ್ಮ ಜನರ ಮನಸ್ಸು ಆರಿಹೋಗಿದೆ, ಮತ್ತೆ ಹೊತ್ತಿಸಬೇಕು ಎಂದು ನಾನು ಊರೂರಿಗೆ ಹೋಗಿ ಭಾಷಣ ಮಾಡುತ್ತೇನೆ. ಜನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಾರೆ. ಅಪ್ಪ ಒಂದು ಸಲ ಕೇಳಿ "ಚೆನ್ನಾಗ್ ಮಾರ್ತೀಯ ಕಣೋ" ಅಂದಿದ್ದ.

ಕಡ್ಡಿಶ್ ವಿಷಯ. ಅದರ ಏರ್ಪಾಡು ಆಗಿದೆ. ಜೆರುಸಲೇಮಿನಲ್ಲಿ ಒಂದು ಪಾಠಶಾಲೆಯವರು ಇಂಥ ಸೇವೆ ಮಾಡುತ್ತಾರೆ. ಹೆಸರು ಬರೆಸಿ ಕಾಣಿಕೆ ಕಟ್ಟಿದರೆ ಹನ್ನೊಂದು ತಿಂಗಳೂ ಬಿಡದೆ ಹೇಳುತ್ತಾರೆ. ಝಲ್ಮನ್ ಪೋಮರಾನ್ಸ್ ಎಂದು ಅಪ್ಪನ ಹೆಸರು ಬರೆಸಿದ್ದೇನೆ. ಅಲ್ಲಿ ಹತ್ತಲ್ಲ, ನೂರು ಜನ ಇರುತ್ತಾರೆ. ನಾನು ಹೇಳುವುದಕ್ಕಿಂತ ಅದೇ ಮೇಲು.

ನೀನು ನಡೆಸುವ ಶಾಲೆಯ ಬಾಯ್ಲರ್ ಹೇಗಿದೆ, ಕೋಣೆಗಳು ಬೆಚ್ಚಗಾಗುತ್ತಿವೆಯೆ? ಬೇಕಾದ್ದನ್ನು ಕೇಳು. ನೀನು ಯಾವತ್ತೂ ಕೇಳುವುದಿಲ್ಲ.

ನಿನ್ನ,
ಲೇಬಲ್


ಕೋಲ್‌ಟನ್
19 ಜನವರಿ 1997

ಲೇಬಲ್,

ನಿನ್ನ ಕಾಗದವನ್ನು ಸೆಂಡರ್ ಮಾವನಿಗೆ ಓದಿ ಹೇಳಿದೆ. ಹೇಳಬಾರದಿತ್ತು. ಅವರು ಗಡ್ಡ ಕೆರೆದುಕೊಂಡು, "ಜೆರುಸಲೇಮ್‌ನಲ್ಲಿ ಬಾಡಿಗೆಗೆ ಅಳೋರು ಸಿಕ್ತಾರೆ ಅನ್ನು. ಊಟಕ್ಕೂ ಯಾರನ್ನಾದ್ರೂ ಇಟ್ಕೊಂಡಿದಾನಾ ಕೇಳು, ಇವನ ಪರವಾಗಿ ತಿನ್ನೋಕೆ" ಅಂದರು. ನಾನು ನಗಲಿಲ್ಲ. ಮನೆಗೆ ಬಂದ ಮೇಲೆ ನಕ್ಕೆ.

ಇಲ್ಲಿ ಬೆಳಿಗ್ಗೆ ಏನಾಗುತ್ತದೆ ಗೊತ್ತೆ? ಯಹೂದಿಗಳನ್ನು ಒಂದು, ಎರಡು ಎಂದು ಎಣಿಸಬಾರದಲ್ಲ, ಕೆಡುಕಾಗುತ್ತದೆ ಎಂದು. ಅದಕ್ಕೆ ಸೆಂಡರ್ ಮಾವ ಕೀರ್ತನೆಯ ಆ ಹತ್ತು ಮಾತಿನ ಸಾಲನ್ನು ಹೇಳುತ್ತ, ತಲೆಗೊಂದು ಮಾತಿನಂತೆ ಬೆರಳು ತೋರಿಸುತ್ತ ಹೋಗುತ್ತಾರೆ. ದೇವರೇ ನಿನ್ನ ಜನರನ್ನು ಕಾಪಾಡು, ಹರಸು, ಎಂದೆಂದಿಗೂ ಎತ್ತಿಕೊಂಡು ನಡೆ ಎನ್ನುವ ಸಾಲು. ಕೊನೆಯ ಮಾತಿಗೆ ತಲೆ ಸಿಗುವುದಿಲ್ಲ. ಆಮೇಲೆ ಎಲ್ಲರೂ ಬಾಗಿಲ ಕಡೆ ನೋಡುತ್ತ ಕೂರುತ್ತಾರೆ. ಕೆಲವೊಮ್ಮೆ ಪಿಟ್ಸ್‌ಬರ್ಗಿಗೆ ಹೋಗುವ ಯಾರೋ ಮಾರಾಟಗಾರ ದಾರಿಯಲ್ಲಿ ಇಳಿದು ಬರುತ್ತಾನೆ. ಬಹಳ ದಿನ ಯಾರೂ ಬರುವುದಿಲ್ಲ. ಕಡ್ಡಿಶ್ ಇಲ್ಲದೆ ಪುಸ್ತಕ ಮುಚ್ಚಿ ಏಳುತ್ತಾರೆ.

ಪರದೆಯ ಈಚೆ, ಹೆಂಗಸರ ಕಡೆ, ನಾನೂ ಇರುತ್ತೇನೆ. ಕಡ್ಡಿಶ್ ನನಗೆ ನಿದ್ದೆಗಣ್ಣಿನಲ್ಲೂ ಬರುತ್ತದೆ. ನಾನೇ ಹೇಳಲೇ ಎಂದು ಮೊದಲ ವಾರವೇ ಸೆಂಡರ್ ಮಾವನನ್ನು ಕೇಳಿದೆ. "ನೀನು ಜಾಣೆ, ಗೊತ್ತು. ಆದ್ರೆ ಈ ಸಿನಗಾಗ್‌ನಲ್ಲಿ ಹೆಂಗಸಿನ ಧ್ವನಿ ಎದ್ದಿದ್ದಿಲ್ಲ. ನಾನಿರೋವರ್ಗೂ ಬೇಡಮ್ಮ" ಅಂದರು. ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಅವರಿಗೆ ಅದು ಗೋಡೆ, ಬಾಗಿಲು ಇದ್ದ ಹಾಗೆ. ಜಗಳವಾಡಲು ನನಗೆ ತ್ರಾಣವಿಲ್ಲ. ಇಬ್ಬರು ಶಿಕ್ಷಕಿಯರು ಬಿಟ್ಟು ಹೋದ ಮೇಲೆ ಮೂರು ತರಗತಿಗೂ ನಾನೇ ಪಾಠ ಮಾಡುತ್ತಿದ್ದೇನೆ. ಸಂಜೆ ಮನೆಗೆ ಬಂದರೆ ಸೂಪ್ ಬಿಸಿ ಮಾಡಲು ಕೂಡ ಬೇಸರ.

ಬಾಯ್ಲರ್ ಕೆಟ್ಟಿದೆ. ಅದನ್ನು ನಾನು ಕೇಳಲಿಲ್ಲ. ನಾನು ಕೇಳಿದ್ದು ನಿನ್ನನ್ನು.

ಫ್ರೇಡಾ


ನ್ಯೂಯಾರ್ಕ್
24 ಫೆಬ್ರವರಿ 1997

ಪ್ರೀತಿಯ ಅಕ್ಕ,

ಒಳ್ಳೆಯ ಸುದ್ದಿ. ಆಡಳಿತ ಮಂಡಳಿ ಒಪ್ಪಿದೆ. ಬ್ರೂಕ್ಲಿನ್ನಿನಿಂದ ಇಬ್ಬರು ಯುವಕರು ಮೂರು ವರ್ಷಕ್ಕೆ ನಿಮ್ಮ ಊರಿಗೆ ಬರುತ್ತಾರೆ. ಸಂಬಳ, ಬಾಡಿಗೆ ಮನೆ, ಎಲ್ಲ ನಮ್ಮದು. ಹಗಲು ನಿನ್ನ ಶಾಲೆಯಲ್ಲಿ ಕಲಿಸುತ್ತಾರೆ, ಬೆಳಿಗ್ಗೆ ಸಿನಗಾಗಿಗೆ ಬಂದು ನಿಲ್ಲುತ್ತಾರೆ. ಸೆಂಡರ್ ಮಾವನ ಕೊನೆಯ ಮಾತಿಗೆ ತಲೆ ಸಿಕ್ಕಿತು ಎಂದು ಹೇಳು, ಇನ್ನೊಂದು ತಲೆ ಉಳಿಯುತ್ತದೆ ಎಂದೂ ಹೇಳು. ಅವರಲ್ಲೊಬ್ಬ ಅಪ್ಪನಿಗೆ ಕಡ್ಡಿಶ್ ಹೇಳುತ್ತಾನೆ. ಜೆರುಸಲೇಮ್ ದೂರವಾಯಿತು ಎಂದು ನಿನಗೆ ಕೋಪವಲ್ಲವೆ, ಇನ್ನು ನಿನ್ನ ಕಿವಿಗೇ ಬೀಳುತ್ತದೆ.

ಬಾಯ್ಲರ್ ಹಾಕುವವರು ಮುಂದಿನ ವಾರ ಬರುತ್ತಾರೆ. ಬೇಡ ಎನ್ನಬೇಡ. ಮಕ್ಕಳು ಚಳಿಯಲ್ಲಿ ನಡುಗುತ್ತ ಅಕ್ಷರ ಕಲಿಯಬಾರದು.

ನಿನ್ನ,
ಲೇಬಲ್


ಕೋಲ್‌ಟನ್
4 ಮೇ 1997

ಪ್ರೀತಿಯ ಲೇಬಲ್,

ಪಾಸೋವರ್ ಹಬ್ಬ ಮುಗಿಯಿತು. ಎಂಟು ದಿನ ಹುಳಿಯಿಲ್ಲದ ರೊಟ್ಟಿ ತಿಂದು ಹೊಟ್ಟೆ ಕಲ್ಲಾಗಿದೆ. ಧನ್ಯವಾದ ಹೇಳಲು ಎರಡು ತಿಂಗಳು ಮಾಡಿದೆ. ಹೇಳಲು ಮನಸ್ಸಿರಲಿಲ್ಲ, ಆದರೆ ಹೇಳಲೇಬೇಕು.

ಹುಡುಗರು ಒಳ್ಳೆಯವರು. ಅಶೇರ್ ದಪ್ಪಗೆ, ಮೆತ್ತಗೆ ಇದ್ದಾನೆ. ಚಿಕ್ಕ ಮಕ್ಕಳು ಅವನ ಬೆನ್ನು ಹತ್ತಿ ಕೂರುತ್ತವೆ. ಪಿಂಕಸ್ ಚುರುಕು, ಕಣ್ಣು ಮಿಟುಕಿಸುವುದರಲ್ಲಿ ಪಾಠ ಮುಗಿಸುತ್ತಾನೆ. ಶಾಲೆಯಲ್ಲಿ ಮತ್ತೆ ಗದ್ದಲ ಕೇಳುತ್ತಿದೆ. ಪಕ್ಕದ ಊರಿನ ಎರಡು ಮನೆಯವರು ಮಕ್ಕಳನ್ನು ಕಳಿಸುತ್ತೇವೆ ಎಂದು ಬಂದು ನೋಡಿ ಹೋದರು. ನಾನು ಈ ಶಾಲೆಗೆ ಬೀಗ ಹಾಕುವ ದಿನವನ್ನು ಮನಸ್ಸಿನಲ್ಲೇ ಗೊತ್ತು ಮಾಡಿಕೊಂಡಿದ್ದೆ. ಈಗ ಅದನ್ನು ಮುಂದೂಡಿದ್ದೇನೆ. ಇದು ನಿನ್ನಿಂದ ಆದದ್ದು. ಇಲ್ಲ ಎಂದರೆ ನಾನು ಕೃತಘ್ನೆ.

ಈಗ ಕಡ್ಡಿಶ್. ಪಿಂಕಸ್‌ಗೆ ಅಪ್ಪ ಅಮ್ಮ ಇಬ್ಬರೂ ಬದುಕಿದ್ದಾರೆ. ಹೆತ್ತವರು ಇರುವವನು ಕಡ್ಡಿಶ್ ಹೇಳಬಾರದು, ಹೇಳಬೇಕಾದರೆ ಅವರ ಒಪ್ಪಿಗೆ ಬೇಕು. ಮೊದಲ ದಿನ ನಮ್ಮ ಶಾಲೆಯ ಫೋನಿನಿಂದಲೇ ಮನೆಗೆ ಮಾಡಿದ. "ಅಪ್ಪಾ, ಇಲ್ಲಿ ಒಬ್ರು ತೀರ್ಕೊಂಡಿದಾರೆ, ಅವರ ಮಗ ಬರೋಕಾಗ್ತಿಲ್ಲ. ನಾನು ಹೇಳ್ಬೋದಾ?" ಆ ಕಡೆಯವರು ಏನೋ ಕೇಳಿದರು. "ಇಲ್ಲಪ್ಪ, ಮಗ ಗಟ್ಟಿಮುಟ್ಟಾಗೇ ಇದಾನೆ. ನಮಗೆ ಸಂಬಳ ಕೊಡೋರೇ ಅವರು" ಅಂದ. ನಾನು ಪಕ್ಕದಲ್ಲೇ ಹಾಜರಿ ತೆಗೆಯುತ್ತಿದ್ದೆ. ಹುಡುಗನದೇನೂ ತಪ್ಪಿಲ್ಲ, ಕೇಳಿದ್ದಕ್ಕೆ ನಿಜ ಹೇಳಿದ.

ಚೆನ್ನಾಗಿ ಹೇಳುತ್ತಾನೆ. ಎಲ್ಲೂ ತಡವರಿಸುವುದಿಲ್ಲ. ಹೇಳಿ ಮುಗಿಸಿ ಗಡಿಯಾರ ನೋಡುತ್ತಾನೆ. ನಾನು ಪರದೆಯ ಹಿಂದೆ ಅವನ ಜೊತೆಜೊತೆಗೆ ತುಟಿ ಆಡಿಸುತ್ತೇನೆ, ಶಬ್ದ ಬಾರದ ಹಾಗೆ. ಅಪ್ಪನ ಮುಖ ನೆನಪಿಗೆ ತಂದುಕೊಳ್ಳುವಷ್ಟರಲ್ಲಿ ಅವನದು ಮುಗಿದಿರುತ್ತದೆ.

ನಿನ್ನ ಅಕ್ಕ,
ಫ್ರೇಡಾ


ಕೋಲ್‌ಟನ್
15 ಜುಲೈ 1997

ಲೇಬಲ್,

ನಿನ್ನ ಪ್ರತಿಷ್ಠಾನದ ಬಣ್ಣದ ಪುಸ್ತಿಕೆ ಅಂಚೆಯಲ್ಲಿ ಬಂತು. ಮುಖಪುಟದಲ್ಲಿ ನಮ್ಮ ಸಿನಗಾಗ್. "ಕೋಲ್‌ಟನ್ ಮತ್ತೆ ಪ್ರಾರ್ಥಿಸುತ್ತಿದೆ" ಎಂದು ದೊಡ್ಡ ಅಕ್ಷರ. ಒಳಗೆ ಪಿಂಕಸ್ ಕಡ್ಡಿಶ್ ಹೇಳುತ್ತಿರುವ ಚಿತ್ರ. ಕೆಳಗೆ ಬರೆದಿದ್ದಾರೆ: ಒಂದು ಪಟ್ಟಣ ತನ್ನ ಹಿರಿಯರನ್ನು ಮರೆತಿಲ್ಲ.

ಪಟ್ಟಣ ಮರೆತಿಲ್ಲ, ನಿಜ.

ಸೆಂಡರ್ ಮಾವ ಪುಸ್ತಿಕೆಯನ್ನು ತಿರುಗಿಸಿ ಮುರುಗಿಸಿ ನೋಡಿ, "ನಿನ್ ತಮ್ಮ ಫೋಟೋ ಎಲ್ಲಿ?" ಅಂದರು. ಮೂರನೆಯ ಪುಟದಲ್ಲಿ, ಯಾವುದೋ ಔತಣದಲ್ಲಿ, ಕೈಯಲ್ಲಿ ಫಲಕ ಹಿಡಿದು ನಿಂತಿದ್ದೀಯ. ತೋರಿಸಿದೆ. "ದಪ್ಪ ಆಗಿದಾನೆ" ಅಂದರು, ಅಷ್ಟೇ.

ಮನೆಗೆ ಮಾರಿ, ಊರಿಗೆ ಉಪಕಾರಿ. ಇದಕ್ಕಿಂತ ಕೆಟ್ಟ ಮಾತುಗಳೂ ಬಾಯಿಗೆ ಬಂದವು, ಬರೆಯುವುದಿಲ್ಲ. ಇನ್ನು ಮೂರು ತಿಂಗಳೂ ಇಲ್ಲ, ಹನ್ನೊಂದು ತಿಂಗಳು ತುಂಬುತ್ತದೆ. ಆಮೇಲೆ ಹೇಳುತ್ತೇನೆಂದರೂ ಹೇಳುವಂತಿಲ್ಲ. ನನಗೆ ನಿನ್ನ ಮೇಲೆ ಕೋಪವೂ ಉಳಿದಿಲ್ಲ ಕಣೋ, ದಣಿದಿದ್ದೇನೆ. ಇದು ನಾನು ಕೇಳುವ ಕೊನೆಯ ಸಲ. ಅಪ್ಪ ನಿನಗೆ ಅಂಥದ್ದೇನು ಮಾಡಿದ್ದ?

ಫ್ರೇಡಾ


ನ್ಯೂಯಾರ್ಕ್
17 ಆಗಸ್ಟ್ 1997

ಅಕ್ಕ,

ಈ ಕಾಗದವನ್ನು ನಾಲ್ಕು ಸಲ ಬರೆದು ಹರಿದೆ. ನನ್ನ ಕಾರ್ಯದರ್ಶಿಗೆ ಹೇಳಿ ಬರೆಸುವಂಥದ್ದಲ್ಲ. ಕಾಗುಣಿತ ತಪ್ಪಿದ್ದರೆ ತಿದ್ದಿಕೊಂಡು ಓದು, ನೀನು ಟೀಚರು.

ನನಗೆ ಹೀಬ್ರೂ ಓದಲು ಬರುವುದಿಲ್ಲ. ಒಂದಕ್ಷರವೂ ಬರುವುದಿಲ್ಲ.

ಭಾನುವಾರ ಬೆಳಿಗ್ಗೆ ಅಡುಗೆಮನೆಯ ಮೇಜಿನ ಮೇಲೆ ಅಪ್ಪ ಪುಸ್ತಕ ತೆಗೆದು ನಮ್ಮಿಬ್ಬರನ್ನೂ ಕೂರಿಸುತ್ತಿದ್ದನಲ್ಲ, ನೀನು ಗಳಗಳ ಓದುತ್ತಿದ್ದೆ. ನನ್ನ ಕಣ್ಣಿಗೆ ಅಕ್ಷರಗಳು ಇರುವೆಸಾಲಿನ ಹಾಗೆ ಸರಿದಾಡುತ್ತಿದ್ದವು. ಇಂಗ್ಲಿಷಿನಲ್ಲೂ ಹಾಗೇ, ಆದರೆ ಅದನ್ನು ಹೇಗೋ ಒದ್ದಾಡಿ ಹಿಡಿದೆ. ಅಪ್ಪ ಮೊದಲು ಹೊಡೆದ. ಆಮೇಲೆ ಹೊಡೆಯುವುದನ್ನೂ ಬಿಟ್ಟ. "ಇವನ ತಲೆಗೆ ಹತ್ತಲ್ಲ, ಬಿಡು. ಹಾಸಿಗೆ ಹೊರ್ಲಿ" ಅಂದ. ಅವತ್ತಿನಿಂದ ಭಾನುವಾರ ನಾನು ಅಂಗಡಿಯಲ್ಲಿ ಹಾಸಿಗೆ ಹೊತ್ತೆ. ಹದಿಮೂರು ತುಂಬಿದಾಗ ಎಲ್ಲರೆದುರು ಧರ್ಮಗ್ರಂಥ ತೋರಾ ಓದಬೇಕಿತ್ತಲ್ಲ, ಅದನ್ನು ಗ್ರಾಮಫೋನ್ ತಟ್ಟೆಯಿಂದ ಬಾಯಿಪಾಠ ಮಾಡಿದೆ. ಪುಸ್ತಕದ ಮೇಲೆ ಬೆರಳಾಡಿಸುತ್ತ ಓದಿದಂತೆ ನಟಿಸಿದೆ. ಅಪ್ಪನಿಗೆ ಗೊತ್ತಿತ್ತು. ಜನ ಶಹಬ್ಬಾಸ್ ಎಂದಾಗ ಅವನು ನನ್ನ ಕಡೆ ನೋಡಲಿಲ್ಲ.

ಗೋರಿಯ ಹತ್ತಿರ ಸೆಂಡರ್ ಮಾವ ಕೊಟ್ಟದ್ದು ಹೀಬ್ರೂ ಹಾಳೆ. ಏನು ಮಾಡಬೇಕಿತ್ತು ಹೇಳು? ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕಾರ್ಡುಗಳೂ ಇವೆ, ಬಲ್ಲೆ. ನಮ್ಮ ಪ್ರತಿಷ್ಠಾನವೇ ಸಾವಿರಗಟ್ಟಲೆ ಅಚ್ಚು ಹಾಕಿ ಹಂಚಿದೆ. ಆದರೆ ಊರಿಗೆಲ್ಲ ಹೀಬ್ರೂ ಕಲಿಸಿ ಎಂದು ಭಾಷಣ ಬಿಗಿಯುವವನು ಅಪ್ಪನ ಗೋರಿಯ ಮುಂದೆ ಆ ಕಾರ್ಡು ತೆಗೆದರೆ? ದೀಪದ ಬುಡದಲ್ಲಿ ಕತ್ತಲೆ ಎಂದು ಎಲ್ಲರಿಗೂ ಕಾಣುತ್ತಿತ್ತು. ಯಾವ ಸಿನಗಾಗಿಗೆ ಹೋದರೂ ನನ್ನನ್ನು ಗೌರವಿಸಿ ತೋರಾ ಓದಲು ಕರೆಯುತ್ತಾರೆ. ಗಂಟಲು ಸರಿಯಿಲ್ಲ ಎಂದು ಹೇಳಿ ಹೇಳಿ, ನನಗೆ ಗಂಟಲ ರೋಗವಿದೆ ಎಂದೇ ಅರ್ಧ ಅಮೆರಿಕ ನಂಬಿದೆ. ಈಗೀಗ ಆಮಂತ್ರಣ ಬಂದರೆ ಹಣ ಕಳಿಸಿ ಮನೆಯಲ್ಲೇ ಇರುತ್ತೇನೆ. ಅದೇ ಸುಲಭ.

ಅಪ್ಪ ಕೊನೆಯವರೆಗೂ ಯಾರಿಗೂ ಹೇಳಲಿಲ್ಲ. ಅದು ದಯೆಯೋ ನಾಚಿಕೆಯೋ ನನಗೆ ತಿಳಿಯದು.

ಲೇಬಲ್


ಕೋಲ್‌ಟನ್
24 ಆಗಸ್ಟ್ 1997

ಪ್ರೀತಿಯ ಲೇಬಲ್,

ನನಗೆ ಗೊತ್ತಿರಲಿಲ್ಲ. ಒಂದೇ ಮೇಜಿನ ಮುಂದೆ ಕೂತು ಕಲಿತವಳು, ನಲವತ್ತು ವರ್ಷದಿಂದ ಮಕ್ಕಳಿಗೆ ಅಕ್ಷರ ಕಲಿಸುವವಳು, ತಮ್ಮನಿಗೆ ಓದಲು ಬಾರದೆಂದು ನನಗೆ ತಿಳಿಯಲಿಲ್ಲ. ಅಂಗಡಿ ನಿನಗೆ ಇಷ್ಟ, ಪುಸ್ತಕ ಬೇಸರ ಎಂದುಕೊಂಡಿದ್ದೆ. ಭಾನುವಾರ ಅಪ್ಪ ಪೂರ್ತಿ ನನಗೇ ಸಿಕ್ಕಿದ ಎಂದು ಖುಷಿ ಕೂಡ ಪಟ್ಟಿದ್ದೆ.

ಅಪ್ಪ ನನಗೆ ಏನನ್ನುತ್ತಿದ್ದ ಎಂದು ನಿನಗೂ ತಿಳಿದಿರಲಿಕ್ಕಿಲ್ಲ. ಕಷ್ಟದ ಪುಟವೊಂದನ್ನು ಓದಿ ಮುಗಿಸಿದರೆ ಪುಸ್ತಕ ಮುಚ್ಚಿ, "ಹಾಳಾಗಿ ಹೋಯ್ತು. ನೀನಾದ್ರೂ ಗಂಡಾಗಿ ಹುಟ್ಟಬಾರದಿತ್ತಾ" ಅನ್ನುತ್ತಿದ್ದ. ಹೊಗಳಿದ್ದಾನೆ ಎಂದೇ ಬಹಳ ವರ್ಷ ತಿಳಿದಿದ್ದೆ.

ಈಗ ಅವನ ಮೇಲೆ ಸಿಟ್ಟು ಮಾಡಿ ಏನು ಪ್ರಯೋಜನ? ಇದ್ದ ಹಾಗೆ ಇದ್ದ. ಅವನಿಗೆ ಇರುವವರು ನಾವಿಬ್ಬರೇ.

ಇದರ ಜೊತೆ ಒಂದು ಹಾಳೆ ಇಟ್ಟಿದ್ದೇನೆ. ಕಡ್ಡಿಶ್ ಪೂರ್ತಿ, ಇಂಗ್ಲಿಷ್ ಅಕ್ಷರದಲ್ಲಿ, ನನ್ನ ಕೈಬರಹದಲ್ಲಿ. ನಿನ್ನ ಅಚ್ಚಿನ ಕಾರ್ಡಿನಲ್ಲಿರುವುದು ಹೊಸ ಉಚ್ಚಾರಣೆ. ಇದು ನಮ್ಮ ಸಿನಗಾಗಿನದು, ಅಪ್ಪ ಹೇಳುತ್ತಿದ್ದ ಹಾಗೆ. ಸಾಲಿಗೆ ಮೂರೇ ಮಾತು ಬರೆದಿದ್ದೇನೆ, ನಡುವೆ ಅಗಲವಾಗಿ ಜಾಗ ಬಿಟ್ಟಿದ್ದೇನೆ. ಅಕ್ಷರ ಸರಿದಾಡುವ ಮಕ್ಕಳು ನಮ್ಮ ಶಾಲೆಯಲ್ಲೂ ಇದ್ದಾರೆ. ಅವರಿಗೆ ಹೀಗೆ ಬರೆದುಕೊಡುತ್ತೇನೆ. ಹೊಡೆಯುವುದಿಲ್ಲ.

ಕೊನೆಯ ದಿನ ಅಕ್ಟೋಬರ್ ಒಂಬತ್ತು, ಗುರುವಾರ. ಬಾ ಎಂದು ಮತ್ತೆ ಹೇಳುವುದಿಲ್ಲ, ಕಳೆದ ಸಲವೇ ಕೊನೆ ಎಂದಿದ್ದೇನೆ. ಬೆಳಿಗ್ಗೆ ಏಳಕ್ಕೆ ಶುರು.

ನಿನ್ನ ಅಕ್ಕ,
ಫ್ರೇಡಾ


ನ್ಯೂಯಾರ್ಕ್
21 ಸೆಪ್ಟೆಂಬರ್ 1997

ಅಕ್ಕ,

ಕಾರಿನಲ್ಲಿ ಅಭ್ಯಾಸ ಮಾಡುತ್ತಿದ್ದೇನೆ. ನಾನು ಯಾರೊಡನೆ ಜಗಳವಾಡುತ್ತಿದ್ದೇನೆ ಎಂದು ಪಕ್ಕದ ಕಾರಿನವರು ಇಣುಕುತ್ತಾರೆ. ಮೊದಲ ಎರಡು ಸಾಲು ನೋಡದೆ ಬರುತ್ತದೆ. ಆಮೇಲಿನದು ಒಂದರ ಹಿಂದೊಂದು ಒಂದೇ ಥರ ಕೇಳುವ ಮಾತುಗಳು, ಅಲ್ಲಿ ಕಾಲು ಜಾರುತ್ತದೆ.

ಆ ಗುರುವಾರವೇ ಆಡಳಿತ ಮಂಡಳಿಯ ಸಭೆ ಇದೆ. ನೋಡುತ್ತೇನೆ. ಭರವಸೆ ಕೊಡಲಾರೆ, ಇಟ್ಟುಕೊಳ್ಳಬೇಡ.

ಲೇಬಲ್


ಕೋಲ್‌ಟನ್
12 ಅಕ್ಟೋಬರ್ 1997

ಪ್ರೀತಿಯ ಲೇಬಲ್,

ನಿನ್ನೆ ಪ್ರಾಯಶ್ಚಿತ್ತದ ಉಪವಾಸ ಮುಗಿಸಿ, ಇವತ್ತು ಕಾಫಿ ಕುಡಿದು ಬರೆಯಲು ಕೂತಿದ್ದೇನೆ. ಗುರುವಾರ ನೀನು ಕಡ್ಡಿಶ್ ಮುಗಿದದ್ದೇ ಮೂರು ಹೆಜ್ಜೆ ಹಿಂದಿಟ್ಟು, ಬಗ್ಗಿ, ಹಾಗೇ ಬಾಗಿಲಾಚೆ ಹೋಗಿಬಿಟ್ಟೆ. ನಾನು ಪರದೆ ಸರಿಸಿ ಬರುವಷ್ಟರಲ್ಲಿ ಟ್ಯಾಕ್ಸಿ ತಿರುವು ದಾಟಿತ್ತು. ನೀನು ಅಳುತ್ತಿದ್ದೆ ಎಂದು ಅಶೇರ್ ಹೇಳಿದ. ನೀನು ನೋಡದೆ ಹೋದದ್ದು ಬಹಳ ಇದೆ, ಅದಕ್ಕೆ ಬರೆಯುತ್ತಿದ್ದೇನೆ.

ನೀನು ಬಂದಾಗ ಅರ್ಧ ಪ್ರಾರ್ಥನೆ ಮುಗಿದಿತ್ತು. ಬಾಗಿಲು ಕಿರುಗುಟ್ಟಿದಾಗ ಯಾರೋ ಮಾರಾಟಗಾರ ಎಂದುಕೊಂಡೆ. ಪರದೆಯ ಬಟ್ಟೆ ತೆಳು, ಆಚೆ ಇರುವವರ ಆಕಾರ ಮಾತ್ರ ಕಾಣುತ್ತದೆ. ನಿನ್ನ ಭುಜ ಅಪ್ಪನ ಭುಜದ ಹಾಗೇ ಒಂದು ಕಡೆ ಇಳಿದಿದೆ. ನೀನೇ ಎಂದು ಪರದೆಗೆ ಇನ್ನೂ ಹತ್ತಿರ ಸರಿದೆ. ಕಡ್ಡಿಶ್ ಹೊತ್ತಿಗೆ ಪಿಂಕಸ್ ರೂಢಿಯಂತೆ ಎದ್ದು ನಿಂತ. ಸೆಂಡರ್ ಮಾವ ಅವನಿಗೆ, "ಕೂತ್ಕೊ, ಯಜಮಾನ ಬಂದಿದಾನೆ" ಅಂದರು.

ನೀನು ಶುರು ಮಾಡಿದೆ. ನನ್ನ ಹಾಳೆ ಕೈಯಲ್ಲಿತ್ತು, ಅದರ ಸದ್ದು ಕೇಳುತ್ತಿತ್ತು. ಮೊದಲ ಎರಡು ಸಾಲು ಸಲೀಸಾಗಿ ಹೇಳಿದೆ. ಎಲ್ಲರೂ ಆಮೆನ್ ಎಂದರು. ಮುಂದೆ ನೀನು ಹೇಳಿದ್ದ ಆ ಜಾಗ. ನಿಂತುಬಿಟ್ಟೆ. ಒಂದು ಮಾತು ಹಿಡಿದೆ, ಬಿಟ್ಟೆ, ಮತ್ತೆ ಹಿಂದಿನದನ್ನೇ ಹೇಳಿದೆ. ಆಮೇಲೆ ಏನೂ ಇಲ್ಲ. ಪಿಂಕಸ್ ನಿನಗೆ ಎತ್ತಿಕೊಡಲು ಬಾಯಿ ತೆರೆದ. ಇದು ನಿನಗೆ ಕಂಡಿರಲಾರದು, ನೀನು ಹಾಳೆಗೆ ಮುಖ ಹಾಕಿದ್ದೆ. ಸೆಂಡರ್ ಮಾವ ಕೈ ಚಾಚಿ ಆ ಹುಡುಗನ ತೋಳು ಹಿಡಿದು ಕೂರಿಸಿದರು. ಅವನು ಅವರ ಮುಖ ನೋಡಿದ. ಅವರು ತಲೆ ಅಲ್ಲಾಡಿಸಿ, ಕಣ್ಣು ಮುಚ್ಚಿ ಕಾಯುತ್ತ ಕೂತರು.

ಯಾರಿಗೆ ಕಾಯುತ್ತಿದ್ದಾರೆ ಎಂದು ನನಗೆ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು.

ಆಮೇಲಿನದು ನಿನಗೆ ಗೊತ್ತು. ನಾನು ಪರದೆಯ ಹಿಂದಿನಿಂದ ಒಂದು ಮಾತು ಹೇಳಿದೆ, ನೀನು ಹೇಳಿದೆ. ಮೊದಮೊದಲು ನಾನು ಪಿಸುಗುಟ್ಟಿದೆ. ನಿನಗೆ ಕೇಳಿಸಲಿಲ್ಲ, "ಹಾಂ?" ಅಂದೆ, ಚಿಕ್ಕಂದಿನಲ್ಲಿ ಅಂದ ಹಾಗೇ. ಅದಕ್ಕೇ ನಾನು ಗಟ್ಟಿಯಾಗಿ ಹೇಳಿದೆ. ತರಗತಿಯಲ್ಲಿ ಹಿಂದಿನ ಬೆಂಚಿಗೆ ಕೇಳುವ ಹಾಗೆ, ಬಿಡಿಸಿ ಬಿಡಿಸಿ, ಕೊನೆಯ ಮಾತಿನವರೆಗೂ. ಹನ್ನೊಂದು ತಿಂಗಳು ಗಂಟಲಲ್ಲೇ ಇಟ್ಟುಕೊಂಡದ್ದು ಹೊರಗೆ ಬಂತು. ನೀನು ಹೇಳುವ ಮೊದಲೇ ಅದು ಆ ಗೋಡೆಗಳಿಗೆಲ್ಲ ಕೇಳಿತ್ತು. ಆಮೆನ್ ಬರುತ್ತದೋ ಇಲ್ಲವೋ ಎಂದು ನನಗೆ ಹೆದರಿಕೆಯಾಯಿತು. ಬಂತು. ಎಲ್ಲರಿಗಿಂತ ಮೊದಲು ಸೆಂಡರ್ ಮಾವ ಅಂದರು.

ನೀನು ಹೋದ ಮೇಲೆ ಕೊನೆಯ ದಿನದ ರೂಢಿಯಂತೆ ಜೇನಿನ ಕೇಕು, ಹೆರಿಂಗ್ ಮೀನು, ಒಂದು ಬಾಟಲಿ ಬ್ರಾಂದಿ ಮೇಜಿನ ಮೇಲಿಟ್ಟೆ. ಯಾರೂ ನನ್ನೊಡನೆ ಮಾತಾಡಲಿಲ್ಲ, ತಿಂದರು. ಸೆಂಡರ್ ಮಾವ ಎರಡನೆಯ ತುಂಡು ಕೇಕು ತೆಗೆದುಕೊಳ್ಳುವಾಗ ಹತ್ತಿರ ಹೋಗಿ, "ಮಾವ, ಗಟ್ಟಿಯಾಗಿ ಹೇಳ್ಬಿಟ್ಟೆ. ತಪ್ಪಾಯ್ತು" ಅಂದೆ.

"ಏನು ಹೇಳ್ದೆ? ಯಾವಾಗ?" ಅಂದರು. "ಎಂಬತ್ತಮೂರಾಯ್ತು ನಂಗೆ. ಕಿವಿ ಸತ್ತೋಗಿದೆ. ಏನೂ ಕೇಳಿಸ್ಲಿಲ್ಲ."

ಅವರ ಕಿವಿ ಎಂಥದ್ದು ಎಂದು ನಿನಗೂ ಗೊತ್ತು. ಹಿಂದಿನ ಸಾಲಿನಲ್ಲಿ ಯಾರಾದರೂ ಪುಟ ತಪ್ಪಿ ತಿರುವಿದರೆ ಮುಂದೆ ಕೂತೇ ಗದರುತ್ತಾರೆ.

"ಆದ್ರೆ ನಾನು ಆಮೆನ್ ಅಂದೆ" ಅಂದರು. ಗಡ್ಡದಲ್ಲಿ ಸಿಕ್ಕ ಕೇಕಿನ ಪುಡಿ ಒರೆಸಿಕೊಂಡರು. "ಹೋಗು, ನಿಮ್ಮಪ್ಪನ ಕೆಲ್ಸ ಆಯ್ತು. ಹೋಗಿ ಮಲ್ಕೊ."

ಕಡ್ಡಿಶ್ ಕಿವಿಗೆ ಬೀಳದೆ ಆಮೆನ್ ಅನ್ನುವಂತಿಲ್ಲ, ಲೇಬಲ್. ಅದು ನಮ್ಮ ಶಾಲೆಯ ಆರು ವರ್ಷದ ಮಕ್ಕಳಿಗೂ ಗೊತ್ತು. ಸೆಂಡರ್ ಮಾವ ಜನ್ಮದಲ್ಲಿ ಒಂದು ಸುಳ್ಳು ಆಮೆನ್ ಅಂದವರಲ್ಲ.

ನಾನು ಮನೆಗೆ ಹೋದೆ. ಶಾಲೆಗೆ ಬರುವುದಿಲ್ಲ ಎಂದು ಅಶೇರ್‌ಗೆ ಹೇಳಿ, ಬೂಟು ಕೂಡ ಬಿಚ್ಚದೆ ಮಲಗಿದೆ. ಎದ್ದಾಗ ಬೀದಿ ದೀಪ ಹತ್ತಿತ್ತು. ಇಷ್ಟು ವರ್ಷದಲ್ಲಿ ಅಂಥ ನಿದ್ದೆ ಬಂದಿರಲಿಲ್ಲ.

ನಿನ್ನ ಅಕ್ಕ,
ಫ್ರೇಡಾ